ಎರಡು ಐದುಗಳ ಕಥೆ

ಅರವತ್ತೈದು ಎಂದು ಒಂದು ಕಾಗದದ ಚೂರಿನ ಮೇಲೆ ಬರೆದು ಮನೆಯ ನಾಲ್ಕು ಜನರ ಮುಂದೆ ಹಿಡಿದರೆ ನಾಲ್ಕು ಬಗೆಯ ಉತ್ತರಗಳು ಬರುತ್ತವೆ. ಗೃಹಿಣಿಗೆ ಅದು ಹೂವಾಡಗಿತ್ತಿಗೆ ಕೊಡಬೇಕಾದ ಬಾಕಿ. ಪಡಸಾಲೆಯಲ್ಲಿ ಕುಳಿತ ಅಜ್ಜನಿಗೆ ಎಂದೋ ದಾಟಿಹೋದ ವಯಸ್ಸು. ಕಾಲೇಜಿಗೆ ಹೊರಟ ಹುಡುಗನಿಗೆ ಪರೀಕ್ಷೆಯ ಅಂಕ. ಸಂಗೀತಪಾಠಕ್ಕೆ ಕುಳಿತ ಹುಡುಗಿಗಾದರೋ ಅದು ಮೇಚಕಲ್ಯಾಣಿ.

ಕೊನೆಯ ಉತ್ತರ ಹೇಗೆ ಬಂದಿತೆಂದು ಆಶ್ಚರ್ಯಪಡಬೇಕಾದುದಿಲ್ಲ. ಕಟಪಯಾದಿ ಎಂಬ ಹಳೆಯ ಪದ್ಧತಿಯಲ್ಲಿ ಕಕಾರದಿಂದ, ಟಕಾರದಿಂದ, ಪಕಾರದಿಂದ, ಯಕಾರದಿಂದ ಬೇರೆ ಬೇರೆಯಾಗಿ ಎಣಿಕೆ ಆರಂಭವಾಗುತ್ತದೆ. ಪಕಾರದಿಂದ ಎಣಿಸಿದರೆ ‘ಮ’ ಐದನೆಯದು. ಕಕಾರದಿಂದ ಎಣಿಸಿದರೆ ‘ಚ’ ಆರನೆಯದು. ‘ಮೇಚ’ ಎಂದರೆ ಐದು, ಆರು. ಬಿಡಿಸ್ಥಾನವೇ ಮೊದಲು ಬರುವುದೆಂಬ ನಿಯಮದಂತೆ ತಿರುಗಿಸಿ ಓದಿದರೆ ೬೫. ಎಪ್ಪತ್ತೆರಡು ಮೇಳಕರ್ತರಾಗಗಳಲ್ಲಿ ಕಲ್ಯಾಣಿಯ ಸ್ಥಾನ ಅದೇ. ನಿಯಮವನ್ನು ಬಲ್ಲವರಿಗೆ ರಾಗದ ಹೆಸರಿನಲ್ಲೇ ಅದರ ಸಂಖ್ಯೆ ಅಡಗಿದೆ. ಅರಿಯದವರಿಗೆ ಅದೊಂದು ಇಂಪಾದ ಹೆಸರು ಮಾತ್ರ.

ಇಷ್ಟನ್ನು ತಿಳಿದವರು ಗಣಕಯಂತ್ರದ ಅಂತರಂಗದ ಬಾಗಿಲಿಗೆ ಬಂದು ನಿಂತಂತೆಯೇ ಸರಿ. ಏಕೆಂದರೆ ಆ ಯಂತ್ರದೊಳಗೆ ಇರುವುದು ಸಂಖ್ಯೆಗಳು ಮಾತ್ರ. ಅಲ್ಲಿ ಅಕ್ಷರವಿಲ್ಲ, ಚಿತ್ರವಿಲ್ಲ, ಸ್ವರವಿಲ್ಲ. ಆಜ್ಞೆಯೂ ಸಂಖ್ಯೆಯ ವೇಷದಲ್ಲೇ ಇರುತ್ತದೆ. ಹಾಗಿದ್ದರೂ ಅದು ಪತ್ರ ಬರೆಯುತ್ತದೆ, ಹಾಡುತ್ತದೆ, ಬ್ಯಾಂಕಿನ ಲೆಕ್ಕವಿಡುತ್ತದೆ. ಅರ್ಥ ಎಲ್ಲಿಂದ ಬಂದಿತು?

ಎಂಟು ದೀಪಗಳ ಸಾಲು

ಯಂತ್ರದ ಒಂದು ಗೂಡಿನಲ್ಲಿ ಎಂಟು ಪುಟ್ಟ ದೀಪಗಳು ಸಾಲಾಗಿ ಇವೆಯೆಂದು ಊಹಿಸಬಹುದು. ಪ್ರತಿಯೊಂದೂ ಉರಿಯುತ್ತಿರಬೇಕು, ಇಲ್ಲವೆ ಆರಿರಬೇಕು, ಮೂರನೆಯ ಸ್ಥಿತಿಯಿಲ್ಲ. ಬಲತುದಿಯ ದೀಪಕ್ಕೆ ಬೆಲೆ ಒಂದು, ಅದರ ಎಡಕ್ಕಿರುವುದಕ್ಕೆ ಎರಡು, ಆಮೇಲೆ ನಾಲ್ಕು, ಎಂಟು, ಹೀಗೆ ಇಮ್ಮಡಿಸುತ್ತ ಹೋಗಿ ಎಡತುದಿಯದಕ್ಕೆ ೧೨೮. ಅರವತ್ತನಾಲ್ಕರ ದೀಪವನ್ನೂ ಒಂದರ ದೀಪವನ್ನೂ ಬೆಳಗಿಸಿ ಉಳಿದವನ್ನು ಆರಿಸಿದರೆ ಅರವತ್ತೈದು ಆಯಿತು. ಬರೆಯುವಾಗ ಅದು ೦೧೦೦ ೦೦೦೧. ಈ ಎಂಟರ ಸಾಲಿಗೆ ಬೈಟು ಎಂದು ಹೆಸರು. ಸೊನ್ನೆಯಿಂದ ೨೫೫ರವರೆಗೆ ಒಟ್ಟು ೨೫೬ ಬಗೆಯ ಸ್ಥಿತಿಗಳು ಒಂದು ಬೈಟಿನಲ್ಲಿ ಸಾಧ್ಯ.

ಎಂಟೆಂಟು ಸೊನ್ನೆ ಒಂದುಗಳನ್ನು ಬರೆಯುವುದು ಕಣ್ಣಿಗೂ ಕೈಗೂ ಆಯಾಸ. ಆದ್ದರಿಂದ ಸಾಲನ್ನು ನಾಲ್ಕು ನಾಲ್ಕಾಗಿ ಒಡೆದು, ಪ್ರತಿ ಅರ್ಧಕ್ಕೆ ಒಂದೊಂದು ಚಿಹ್ನೆಯನ್ನು ಕೊಡುವ ರೂಢಿ ಬಂದಿತು. ಒಂಬತ್ತರವರೆಗೆ ಅಂಕಗಳೇ ಸಾಕು. ಹತ್ತರಿಂದ ಹದಿನೈದರವರೆಗೆ ಇಂಗ್ಲಿಷಿನ ಎ, ಬಿ, ಸಿ, ಡಿ, ಇ, ಎಫ್ ಅಕ್ಷರಗಳು. ಇದು ಹದಿನಾರರ ಎಣಿಕೆ. ಇದರಲ್ಲಿ ಅರವತ್ತೈದನ್ನು ೪೧ ಎಂದು ಬರೆಯುತ್ತಾರೆ: ನಾಲ್ಕು ಹದಿನಾರುಗಳು, ಮೇಲೊಂದು. ಹದಿಮೂರು ಎಂಬುದು ೦ಡಿ. ಇದು ಮನುಷ್ಯರ ಸೌಕರ್ಯಕ್ಕಾಗಿ ಮಾಡಿಕೊಂಡ ಸಂಕ್ಷೇಪಲಿಪಿಯೇ ಹೊರತು ಯಂತ್ರಕ್ಕೆ ಇದರ ಅಗತ್ಯವೇನೂ ಇಲ್ಲ.

ಯಂತ್ರಕ್ಕೊಂದು ಲೆಕ್ಕ

೧೯೭೬ರಲ್ಲಿ ಅಮೆರಿಕದ ಇಂಟೆಲ್ ಸಂಸ್ಥೆಯು ೮೦೮೫ ಎಂಬ ಸಂಸ್ಕಾರಕವನ್ನು ಹೊರತಂದಿತು. ಉಗುರಿನಷ್ಟಿರುವ ಸಿಲಿಕಾನ್ ಚೂರಿನಲ್ಲಿ ಸುಮಾರು ೬,೫೦೦ ಟ್ರಾನ್ಸಿಸ್ಟರುಗಳು. ಇಂದಿನ ಯಂತ್ರಗಳ ಮುಂದೆ ಅದು ಶಿಶು. ಆದರೂ ಭಾರತದ ಅನೇಕ ಪಾಲಿಟೆಕ್ನಿಕ್ ಹಾಗೂ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ತಲೆಮಾರುಗಳ ವಿದ್ಯಾರ್ಥಿಗಳು ಯಂತ್ರಭಾಷೆಯ ಓನಾಮವನ್ನು ಕಲಿತದ್ದು ಅದರ ಮೇಲೆಯೇ. ಚಿಕ್ಕ ಮನೆಯಲ್ಲಿ ಯಾವ ಪಾತ್ರೆ ಎಲ್ಲಿದೆಯೆಂದು ಒಂದೇ ದಿನದಲ್ಲಿ ತಿಳಿಯುವಂತೆ, ಚಿಕ್ಕ ಯಂತ್ರದಲ್ಲಿ ಎಲ್ಲವೂ ಕಣ್ಣಿಗೆ ಬೀಳುತ್ತದೆ.

ಈ ಸಂಸ್ಕಾರಕದಲ್ಲಿ ಕೈಗೆಟಕುವಂತೆ ಕೆಲವು ಬಟ್ಟಲುಗಳಿವೆ. ಅವಕ್ಕೆ ರಿಜಿಸ್ಟರುಗಳೆಂದು ಹೆಸರು. ಒಂದೊಂದರಲ್ಲೂ ಒಂದೊಂದು ಬೈಟು ಹಿಡಿಯುತ್ತದೆ. ಕೂಡುವ ಕಳೆಯುವ ಕೆಲಸವೆಲ್ಲ ‘ಎ’ ಎಂಬ ಬಟ್ಟಲಿನಲ್ಲಿ. ಪಕ್ಕದಲ್ಲಿ ‘ಬಿ’, ‘ಸಿ’ ಮೊದಲಾದವು. ಹೊರಗೆ ನೆನಪಿನ ಗೂಡುಗಳ ಉದ್ದನೆಯ ಬೀದಿ. ಬೀದಿಯಲ್ಲಿ ೬೫,೫೩೬ ಮನೆಗಳವರೆಗೆ ಇರಬಹುದು. ಪ್ರತಿ ಮನೆಗೂ ಒಂದು ನಂಬರು, ಪ್ರತಿ ಮನೆಯಲ್ಲೂ ಒಂದು ಬೈಟು.

ಈಗ ಹೂವಾಡಗಿತ್ತಿಯ ಲೆಕ್ಕವನ್ನೇ ಈ ಯಂತ್ರಕ್ಕೆ ಒಪ್ಪಿಸಬಹುದು. ದಿನಕ್ಕೆ ಐದು ರೂಪಾಯಿಯ ಹೂವು. ಹದಿಮೂರು ದಿನದ ಬಾಕಿ ಎಷ್ಟು? ಯಂತ್ರಕ್ಕೆ ಗುಣಾಕಾರ ಬಾರದು. ಎಂಟರ ಮಗ್ಗಿಯನ್ನು ನಿದ್ದೆಯಲ್ಲೂ ಒಪ್ಪಿಸುವ ಬಾಲಕನಿಗಿರುವ ವಿದ್ಯೆ ೮೦೮೫ಕ್ಕೆ ಇಲ್ಲ. ಅದಕ್ಕೆ ಬರುವುದು ಕೂಡುವುದು, ಕಳೆಯುವುದು, ಎತ್ತಿಡುವುದು, ಹಿಂದಕ್ಕೆ ನೆಗೆಯುವುದು. ಆದ್ದರಿಂದ ಕೆಲಸವನ್ನು ಅದರ ಶಕ್ತಿಗೆ ತಕ್ಕಷ್ಟು ಸಣ್ಣ ತುತ್ತುಗಳಾಗಿ ಒಡೆಯಬೇಕು:

‘ಎ’ಯಲ್ಲಿ ಸೊನ್ನೆಯಿಡು. ‘ಬಿ’ಯಲ್ಲಿ ಹದಿಮೂರಿಡು. ‘ಎ’ಗೆ ಐದನ್ನು ಕೂಡಿಸು. ‘ಬಿ’ಯಿಂದ ಒಂದನ್ನು ಕಳೆ. ‘ಬಿ’ ಇನ್ನೂ ಸೊನ್ನೆಯಾಗಿಲ್ಲದಿದ್ದರೆ ಕೂಡಿಸುವ ಹೆಜ್ಜೆಗೆ ಮತ್ತೆ ಹೋಗು. ಆಗಿದ್ದರೆ ‘ಎ’ಯಲ್ಲಿರುವುದನ್ನು ೨೦೫೦ನೆಯ ಮನೆಯಲ್ಲಿಡು. ನಿಲ್ಲು.

ಈ ಪ್ರತಿಯೊಂದು ಆಜ್ಞೆಗೂ ಸಂಸ್ಕಾರಕವನ್ನು ನಿರ್ಮಿಸಿದವರು ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿದ್ದಾರೆ. ಜತೆಗೆ ಮನುಷ್ಯರ ನೆನಪಿಗೆ ಒಂದೊಂದು ಗಿಡ್ಡ ಹೆಸರನ್ನೂ ಕೊಟ್ಟಿದ್ದಾರೆ. ೨೦೦೦ ನಂಬರಿನ ಮನೆಯಿಂದ ಆರಂಭಿಸಿ ಬರೆದರೆ ಲೆಕ್ಕದ ಪೂರ್ಣರೂಪ ಹೀಗಿರುತ್ತದೆ. ಎಡಗಡೆ ಮನೆಯ ನಂಬರು, ನಡುವೆ ಅಲ್ಲಿರುವ ಸಂಖ್ಯೆಗಳು, ಬಲಗಡೆ ಗಿಡ್ಡ ಹೆಸರು. ಎಲ್ಲವೂ ಹದಿನಾರರ ಎಣಿಕೆಯಲ್ಲಿ.

೨೦೦೦ : ೩ಇ ೦೦ : ಎಂವಿಐ ಎ, ೦೦
೨೦೦೨ : ೦೬ ೦ಡಿ : ಎಂವಿಐ ಬಿ, ೦ಡಿ
೨೦೦೪ : ಸಿ೬ ೦೫ : ಎಡಿಐ ೦೫
೨೦೦೬ : ೦೫ : ಡಿಸಿಆರ್ ಬಿ
೨೦೦೭ : ಸಿ೨ ೦೪ ೨೦ : ಜೆಎನ್‌ಝಡ್ ೨೦೦೪
೨೦೦ಎ : ೩೨ ೫೦ ೨೦ : ಎಸ್‌ಟಿಎ ೨೦೫೦
೨೦೦ಡಿ : ೭೬ : ಎಚ್‌ಎಲ್‌ಟಿ

ಬಲಗಡೆಯ ಹೆಸರುಗಳ ಭಾಷೆಯೇ ಅಸೆಂಬ್ಲಿ ಭಾಷೆ. ನಡುವಿನದು ಯಂತ್ರಭಾಷೆ. ಹೆಸರುಗಳನ್ನು ಸಂಖ್ಯೆಗಳಾಗಿ ಮಾರ್ಪಡಿಸಿ ಕೊಡುವ ಕ್ರಮವಿಧಿಗೆ ಅಸೆಂಬ್ಲರ್ ಎಂದು ಹೆಸರು.

ಒಂದು ಸಣ್ಣ ವಿಷಯ ಸೂಕ್ಷ್ಮದೃಷ್ಟಿಯವರ ಕಣ್ಣಿಗೆ ಬಿದ್ದಿರಬಹುದು. ೨೦೫೦ ಎಂಬ ಮನೆಯ ನಂಬರು ಯಂತ್ರದೊಳಗೆ ೫೦, ೨೦ ಎಂದು ತಿರುವುಮುರುವಾಗಿ ಕುಳಿತಿದೆ. ಚಿಕ್ಕ ಸ್ಥಾನ ಮೊದಲು, ದೊಡ್ಡ ಸ್ಥಾನ ಆಮೇಲೆ. ‘ಮೇಚ’ದಲ್ಲಿ ಐದು ಮೊದಲು ಬಂದು ಆರು ಆಮೇಲೆ ಬಂದಂತೆಯೇ ಇದು. ಕಟಪಯಾದಿ ಬಲ್ಲವರಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಿಲ್ಲ.

ಒಂದೇ ರೂಪ, ಎರಡು ಬಾಳು

ಈಗ ೨೦೦೫ ಮತ್ತು ೨೦೦೬ ನಂಬರಿನ ಮನೆಗಳನ್ನು ನೋಡಬೇಕು. ಎರಡರಲ್ಲೂ ಇರುವುದು ೦೫. ಅಕ್ಕಪಕ್ಕದಲ್ಲಿ ಕುಳಿತ ಎರಡು ಐದುಗಳು. ದೀಪಗಳ ಸಾಲು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ. ಆದರೆ ಮೊದಲನೆಯ ಐದು ಹೂವಿನ ಬೆಲೆ. ಎರಡನೆಯ ಐದು ಸಂಖ್ಯೆಯೇ ಅಲ್ಲ. ‘ಬಿ’ಯಿಂದ ಒಂದನ್ನು ಕಳೆ ಎಂಬ ಆಜ್ಞೆ.

ಯಂತ್ರ ಇವೆರಡನ್ನೂ ಹೇಗೆ ಬೇರ್ಪಡಿಸುತ್ತದೆ? ಅವುಗಳ ಮುಖ ನೋಡಿ ಅಲ್ಲ. ಅವು ಬಂದ ಸರದಿಯಿಂದ. ಸಂಸ್ಕಾರಕದಲ್ಲಿ ‘ಮುಂದೆ ಯಾವ ಮನೆಗೆ ಹೋಗಬೇಕು’ ಎಂದು ತೋರಿಸುವ ಒಂದು ಬೆರಳಿದೆ. ಬೆರಳು ೨೦೦೪ನ್ನು ತೋರಿಸಿದಾಗ ಅಲ್ಲಿ ಸಿ೬ ಇರುತ್ತದೆ. ಸಿ೬ ಎಂದರೆ ‘ನನ್ನ ಮುಂದಿನ ಮನೆಯಲ್ಲಿರುವುದನ್ನು ಸಂಖ್ಯೆಯೆಂದು ಭಾವಿಸಿ ಎ ಗೆ ಕೂಡಿಸು’ ಎಂದು. ಆದ್ದರಿಂದ ೨೦೦೫ರ ಐದು ಸಂಖ್ಯೆಯಾಯಿತು. ಆ ಕೆಲಸ ಮುಗಿದು ಬೆರಳು ೨೦೦೬ಕ್ಕೆ ಬಂದಾಗ ಯಂತ್ರ ಹೊಸ ಆಜ್ಞೆಗಾಗಿ ಕಾಯುತ್ತಿರುತ್ತದೆ. ಆದ್ದರಿಂದ ಅಲ್ಲಿಯ ಐದು ಆಜ್ಞೆಯಾಯಿತು. ಮದುವೆಯ ಮನೆಯಲ್ಲಿ ಮಣೆಯ ಮೇಲೆ ಕುಳಿತವನು ವರ, ಪಂಕ್ತಿಯಲ್ಲಿ ಕುಳಿತವನು ಅತಿಥಿ ಎನ್ನುವಂತೆ, ಇಲ್ಲಿ ಕುಳಿತ ಸ್ಥಳವೇ ಅರ್ಥವನ್ನು ಕೊಡುತ್ತದೆ.

ಬೆರಳು ಒಂದೇ ಒಂದು ಮನೆ ತಪ್ಪಿದರೆ ಏನಾದೀತು? ಬರೆದವನು ಹಿಂದಕ್ಕೆ ನೆಗೆಯುವ ಆಜ್ಞೆಯಲ್ಲಿ ೨೦೦೪ರ ಬದಲು ೨೦೦೫ ಎಂದು ಬರೆದನೆಂದು ಇಟ್ಟುಕೊಳ್ಳಬಹುದು. ಮೊದಲ ಸುತ್ತು ಸರಿಯಾಗಿಯೇ ನಡೆಯುತ್ತದೆ: ‘ಎ’ಯಲ್ಲಿ ಐದು, ‘ಬಿ’ಯಲ್ಲಿ ಹನ್ನೆರಡು. ಅನಂತರ ಬೆರಳು ೨೦೦೫ಕ್ಕೆ ಬಂದು, ಅಲ್ಲಿಯ ಐದನ್ನು ಆಜ್ಞೆಯೆಂದು ಓದುತ್ತದೆ: ‘ಬಿ’ಯಿಂದ ಒಂದನ್ನು ಕಳೆ. ಮುಂದಿನ ಮನೆಯಲ್ಲೂ ಅದೇ: ಮತ್ತೊಂದನ್ನು ಕಳೆ. ಹೀಗೆ ಪ್ರತಿ ಸುತ್ತಿಗೆ ಎರಡೆರಡಾಗಿ ಕಳೆಯುತ್ತ ಆರು ಸುತ್ತುಗಳಲ್ಲಿ ‘ಬಿ’ ಸೊನ್ನೆಯಾಗುತ್ತದೆ. ಕೂಡಿಸುವ ಆಜ್ಞೆಯ ಬಳಿಗೆ ಯಾರೂ ಸುಳಿಯುವುದೇ ಇಲ್ಲ. ಯಂತ್ರ ತನ್ನ ಕರ್ತವ್ಯವನ್ನು ಪೂರೈಸಿದ ಸಮಾಧಾನದಿಂದ ೨೦೫೦ನೆಯ ಮನೆಯಲ್ಲಿ ಐದನ್ನು ಇಟ್ಟು ನಿಲ್ಲುತ್ತದೆ.

ಹೂವಾಡಗಿತ್ತಿಗೆ ಅರವತ್ತೈದರ ಬದಲು ಐದು ರೂಪಾಯಿ! ಗಂಟೆ ಬಾರಿಸಲಿಲ್ಲ, ಕೆಂಪುದೀಪ ಹೊತ್ತಲಿಲ್ಲ, ಯಂತ್ರ ಎಲ್ಲಿಯೂ ಎಡವಲಿಲ್ಲ. ಹೇಳಿದುದನ್ನು ಹೇಳಿದ ಹಾಗೆಯೇ ಮಾಡಿತು. ತಪ್ಪೆಲ್ಲ ಹೇಳಿದವನದು. ಅಸೆಂಬ್ಲಿ ಭಾಷೆಯನ್ನು ಹೊಸದಾಗಿ ಕಲಿಯುವವರು ಮೊದಲು ಕಲಿಯಬೇಕಾದ ಪಾಠ ಇದೇ. ಯಂತ್ರಕ್ಕೆ ‘ಇದು ಅಸಂಬದ್ಧ’ ಎಂದು ಅನ್ನಿಸುವುದಿಲ್ಲ.

ಹೆಸರಿಟ್ಟವರು

ಮೊದಮೊದಲು ಈ ಗಿಡ್ಡ ಹೆಸರುಗಳೂ ಇರಲಿಲ್ಲ. ಬರಿಯ ಸಂಖ್ಯೆಗಳನ್ನೇ ಬರೆಯಬೇಕಾಗಿತ್ತು. ಈ ಕಷ್ಟವನ್ನು ನೀಗಲು ಮೊದಲು ಯತ್ನಿಸಿದವರಲ್ಲಿ ಕ್ಯಾಥ್ಲೀನ್ ಬೂತ್ ಎಂಬ ಆಂಗ್ಲ ಮಹಿಳೆ ಮುಖ್ಯರು. ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನಲ್ಲಿ ನಿರ್ಮಾಣವಾಗುತ್ತಿದ್ದ ಎಆರ್‌ಸಿ ಎಂಬ ಯಂತ್ರಕ್ಕಾಗಿ ೧೯೪೭ರಲ್ಲೇ ಅವರು ಆಜ್ಞೆಗಳನ್ನು ಚಿಹ್ನೆಗಳಲ್ಲಿ ಬರೆಯುವ ಪದ್ಧತಿಯನ್ನು ರೂಪಿಸಿದರು. ಅವರು ನೂರು ವರ್ಷ ಬಾಳಿ ೨೦೨೨ರಲ್ಲಿ ತೀರಿಕೊಂಡರು.

೧೯೪೯ರ ಮೇ ೬ರಂದು ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಮಾರಿಸ್ ವಿಲ್ಕ್ಸ್ ಅವರ ನೇತೃತ್ವದಲ್ಲಿ ಸಿದ್ಧವಾಗಿದ್ದ ಎಡ್‌ಸ್ಯಾಕ್ ಎಂಬ ಯಂತ್ರ ತನ್ನ ಮೊದಲ ಲೆಕ್ಕವನ್ನು ಮಾಡಿತು. ಸಂಖ್ಯೆಗಳ ವರ್ಗಗಳ ಪಟ್ಟಿಯನ್ನು ಅಚ್ಚುಮಾಡಿಕೊಟ್ಟಿತು. ಆ ಯಂತ್ರದಲ್ಲಿ ಕೂಡುವುದಕ್ಕೆ ‘ಎ’, ಕಳೆಯುವುದಕ್ಕೆ ‘ಎಸ್’ ಎಂದು ಒಂದೊಂದೇ ಅಕ್ಷರ. ‘ಝಡ್’ ಎಂದರೆ ಕೆಲಸ ನಿಲ್ಲಿಸಿ ಗಂಟೆ ಬಾರಿಸುವುದು. ಕಾಗದದ ಪಟ್ಟಿಯ ಮೇಲೆ ರಂಧ್ರಗಳಾಗಿ ಬಂದ ಈ ಅಕ್ಷರಗಳನ್ನೂ, ದಶಮಾನದಲ್ಲಿ ಬರೆದ ಮನೆಯ ನಂಬರುಗಳನ್ನೂ ಓದಿ ಯಂತ್ರದ ಸಂಖ್ಯೆಗಳಾಗಿ ಜೋಡಿಸಿ ಇಡುವ ಕೆಲಸವನ್ನು ಯಂತ್ರಕ್ಕೇ ಕಲಿಸಿದವರು ಡೇವಿಡ್ ವೀಲರ್ ಎಂಬ ತರುಣ. ಅದಕ್ಕೆ ಅವರು ಬಳಸಿದುದು ೩೧ ಆಜ್ಞೆಗಳನ್ನು ಮಾತ್ರ. ಅಂದಿನಿಂದ ಮನುಷ್ಯರು ಅಕ್ಷರದಲ್ಲಿ ಬರೆಯುವುದು, ಯಂತ್ರ ಅದನ್ನು ತನ್ನ ಭಾಷೆಗೆ ತಿರುಗಿಸಿಕೊಳ್ಳುವುದು ರೂಢಿಯಾಯಿತು. ತಮ್ಮ ಉಳಿದ ಆಯುಷ್ಯದ ದೊಡ್ಡ ಭಾಗ ಸ್ವಂತ ಕ್ರಮವಿಧಿಗಳಲ್ಲಿಯ ತಪ್ಪುಗಳನ್ನು ಹುಡುಕುವುದರಲ್ಲೇ ಕಳೆದುಹೋಗಲಿದೆಯೆಂಬ ಅರಿವು ಆ ದಿನಗಳಲ್ಲಿ ತಮಗೆ ಉಂಟಾಯಿತೆಂದು ವಿಲ್ಕ್ಸ್ ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ಅಷ್ಟು ದೊಡ್ಡವರಿಗೇ ಈ ಪಾಡಾದ ಮೇಲೆ, ಮೊದಲ ದಿನವೇ ಎಡವಿದ ವಿದ್ಯಾರ್ಥಿ ನಾಚಿಕೊಳ್ಳಬೇಕಾದುದಿಲ್ಲ.

ಕೀಲಿ ಕಳೆದರೆ

೨೦೫೦ನೆಯ ಮನೆಗೆ ಹಿಂದಿರುಗೋಣ. ಲೆಕ್ಕ ಸರಿಯಾಗಿ ನಡೆದಿದ್ದರೆ ಅಲ್ಲಿ ೪೧ ಇರುತ್ತದೆ. ಅದರ ಅರ್ಥವೇನು? ಸಂಖ್ಯೆಯೆಂದು ಓದಿದರೆ ಅರವತ್ತೈದು. ಪ್ರತಿ ಅರ್ಧದಲ್ಲೂ ದಶಮಾನದ ಒಂದೊಂದು ಅಂಕವಿದೆಯೆಂದು ಒಪ್ಪಂದ ಮಾಡಿಕೊಂಡಿದ್ದರೆ ನಲವತ್ತೊಂದು. ಅದನ್ನು ಅಚ್ಚುಯಂತ್ರಕ್ಕೆ ಕಳಿಸಿದರೆ, ೧೯೬೩ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಆಸ್ಕಿ ಸಂಕೇತದ ಪ್ರಕಾರ ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರ ಮೂಡುತ್ತದೆ. ಬೆರಳು ದಾರಿತಪ್ಪಿ ಅದನ್ನೇ ಆಜ್ಞೆಯೆಂದು ಓದಿದರೆ, ‘ಸಿ’ ಬಟ್ಟಲಿನಲ್ಲಿರುವುದನ್ನು ‘ಬಿ’ಗೆ ನಕಲು ಮಾಡು ಎಂದಾಗುತ್ತದೆ. ಎಂಟು ದೀಪಗಳಲ್ಲಿ ಇವುಗಳಲ್ಲಿ ಯಾವುದೂ ಬರೆದಿಲ್ಲ. ಅರ್ಥವಿರುವುದು ಇಟ್ಟವನಿಗೂ ಎತ್ತಿಕೊಂಡವನಿಗೂ ನಡುವಿನ ಒಪ್ಪಂದದಲ್ಲಿ.

ಈ ಒಪ್ಪಂದ ಮುರಿದರೆ ಏನಾಗುತ್ತದೆಂಬುದು ಕನ್ನಡಿಗರಿಗೆ ಅನುಭವದಿಂದಲೇ ಗೊತ್ತು. ಗಣಕಯಂತ್ರದಲ್ಲಿ ಕನ್ನಡವನ್ನು ಬರೆಯಲಾರಂಭಿಸಿದ ಕಾಲದಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆಯೇ ಕನ್ನಡದ ಅಕ್ಷರಭಾಗಗಳ ಚಿತ್ರಗಳನ್ನು ಹೊದಿಸುತ್ತಿದ್ದರು. ಆ ಅಚ್ಚಿನ ಮಾದರಿ ಇದ್ದ ಯಂತ್ರದಲ್ಲಿ ಕಡತ ಸೊಗಸಾದ ಕನ್ನಡ. ಅದಿಲ್ಲದ ಯಂತ್ರದಲ್ಲಿ ತಲೆಬುಡವಿಲ್ಲದ ರೋಮನ್ ಅಕ್ಷರಗಳ ಸಂತೆ. ಎಷ್ಟೋ ಮಂದಿ ಹೀಗೆ ಉಳಿಸಿಟ್ಟ ಬರೆಹಗಳನ್ನು ಹತ್ತು ವರ್ಷದ ಮೇಲೆ ತೆರೆದು ಮಂಕಾಗಿ ಕುಳಿತದ್ದುಂಟು. ಒಂದು ಬೈಟೂ ಕಳೆದುಹೋಗಿರಲಿಲ್ಲ. ಕಳೆದುದು ಕೀಲಿ ಮಾತ್ರ.

೧೯೯೧ರಲ್ಲಿ ಬಂದ ಯೂನಿಕೋಡ್ ಎಂಬ ಜಾಗತಿಕ ಸಂಕೇತದಲ್ಲಿ ಕನ್ನಡಕ್ಕೆ ತನ್ನದೇ ಆದ ಸಂಖ್ಯೆಗಳು ದೊರೆತುವು. ಅದರಲ್ಲಿ ‘ಕ’ ಎಂಬುದು ಹದಿನಾರರ ಎಣಿಕೆಯಲ್ಲಿ ೦ಸಿ೯೫, ಅಂದರೆ ೩೨೨೧. ‘ಕನ್ನಡ’ ಎಂಬ ಪದ ಕಣ್ಣಿಗೆ ಮೂರು ಅಕ್ಷರ. ಯಂತ್ರದಲ್ಲಿ ಐದು ಸಂಖ್ಯೆಗಳು: ಕ, ನ, ಅರ್ಧಾಕ್ಷರದ ಗುರುತು, ಮತ್ತೊಂದು ನ, ಡ. ಒತ್ತಕ್ಷರವನ್ನು ನ ಕೆಳಗೆ ಕೂರಿಸುವುದು ತೆರೆಯ ಮೇಲೆ ಬರೆಯುವಾಗ ನಡೆಯುವ ಕೆಲಸ. ಅಕ್ಷರದ ರೂಪ ಬೇರೆ, ಅಕ್ಷರದ ಗುರುತು ಬೇರೆ ಎಂಬ ಈ ವಿವೇಕ ಮೂಡಿದ ಮೇಲೆಯೇ ಕನ್ನಡದ ಬರೆಹ ಊರಿಂದೂರಿಗೆ ಕೆಡದೆ ಹೋಗಲಾರಂಭಿಸಿತು.

ಅಂಕಗಳಲ್ಲಿ ಅಕ್ಷರಗಳನ್ನು ಅಡಗಿಸುವುದು ಕನ್ನಡಕ್ಕೆ ಹೊಸದೇನೂ ಅಲ್ಲ. ಕುಮುದೇಂದು ಮುನಿಯ ಹೆಸರಿನಲ್ಲಿರುವ ‘ಸಿರಿಭೂವಲಯ’ದಲ್ಲಿ ಒಂದರಿಂದ ಅರವತ್ತನಾಲ್ಕರವರೆಗಿನ ಅಂಕಗಳು ಅಕ್ಷರಗಳಿಗೆ ಬದಲಾಗಿ ನಿಲ್ಲುತ್ತವೆ. ಇಪ್ಪತ್ತೇಳು ಸಾಲು, ಇಪ್ಪತ್ತೇಳು ಕಂಬಗಳ ಚೌಕದಲ್ಲಿ ೭೨೯ ಮನೆಗಳು. ಯಾವ ಮನೆಯಿಂದ ಯಾವ ಮನೆಗೆ ಸಾಗಬೇಕೆಂಬ ಕ್ರಮಕ್ಕೆ ಬಂಧವೆಂದು ಹೆಸರು. ಬಂಧ ತಿಳಿದವನಿಗೆ ಪದ್ಯ. ತಿಳಿಯದವನಿಗೆ ಅಂಕಗಳ ಮೂಟೆ. ಆ ಬಂಧವೂ ೮೦೮೫ರ ಬೆರಳೂ ಮಾಡುವ ಕೆಲಸ ಒಂದೇ.

ಅರ್ಥದ ಒಪ್ಪಂದ ತಪ್ಪಿದುದರ ಬೆಲೆ ಕೆಲವೊಮ್ಮೆ ಹೂವಿನ ಲೆಕ್ಕದಷ್ಟು ಅಗ್ಗವಲ್ಲ. ೧೯೯೮ರ ಡಿಸೆಂಬರಿನಲ್ಲಿ ಅಮೆರಿಕ ಮಂಗಳಗ್ರಹಕ್ಕೆ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ಎಂಬ ನೌಕೆಯನ್ನು ಕಳಿಸಿತು. ನೌಕೆಯ ಪುಟ್ಟ ರಾಕೆಟ್ಟುಗಳು ಕೊಟ್ಟ ತಳ್ಳುವಿಕೆಯನ್ನು ಭೂಮಿಯ ಮೇಲಿನ ಒಂದು ಕ್ರಮವಿಧಿ ಪೌಂಡಿನ ಮಾನದಲ್ಲಿ ಲೆಕ್ಕಹಾಕಿ ಬರೆಯಿತು. ದಾರಿಯನ್ನು ನಿರ್ಣಯಿಸುವ ಇನ್ನೊಂದು ಕ್ರಮವಿಧಿ ಅದೇ ಅಂಕಗಳನ್ನು ನ್ಯೂಟನ್ನಿನ ಮಾನವೆಂದು ಓದಿತು. ಎರಡರ ನಡುವೆ ಸುಮಾರು ನಾಲ್ಕೂವರೆ ಪಟ್ಟು ಅಂತರ. ಒಂಬತ್ತು ತಿಂಗಳ ಪ್ರಯಾಣದಲ್ಲಿ ಯಾವ ಯಂತ್ರವೂ ಇದನ್ನು ಪ್ರಶ್ನಿಸಲಿಲ್ಲ. ೧೯೯೯ರ ಸೆಪ್ಟೆಂಬರ್ ೨೩ರಂದು ನೌಕೆ ಗೊತ್ತುಮಾಡಿದ ಎತ್ತರಕ್ಕಿಂತ ಬಹಳ ಕೆಳಗಿಳಿದು ಮಂಗಳದ ಹಿಂದೆ ಮರೆಯಾಯಿತು. ಮತ್ತೆ ಅದರ ಸುದ್ದಿ ಬರಲಿಲ್ಲ. ಅಂಕಗಳೆಲ್ಲ ತಲುಪಿದ್ದುವು. ಅವು ಯಾವ ಮಾನದವೆಂಬ ಮಾತು ಮಾತ್ರ ತಲುಪಿರಲಿಲ್ಲ.

ಅಸೆಂಬ್ಲಿ ಭಾಷೆಯನ್ನು ಕಲಿಯಲು ಹೊರಟವರಿಗೆ ಆರಂಭದಲ್ಲಿ ಯಂತ್ರವೂ ಬೇಕಾಗಿಲ್ಲ. ಒಂದು ಹಾಳೆ, ಒಂದು ಪೆನ್ಸಿಲು ಸಾಕು. ಹಾಳೆಯಲ್ಲಿ ‘ಎ’, ‘ಬಿ’ ಎಂದು ಎರಡು ಬಟ್ಟಲುಗಳನ್ನು ಬರೆದುಕೊಂಡು, ಮೇಲೆ ಕೊಟ್ಟ ಹದಿನಾಲ್ಕು ಬೈಟುಗಳ ಮೇಲೆ ಬೆರಳಿಟ್ಟು ಒಂದೊಂದೇ ಹೆಜ್ಜೆ ನಡೆಯಬೇಕು. ಹದಿಮೂರು ಸುತ್ತು ಮುಗಿಯುವ ಹೊತ್ತಿಗೆ ಯಂತ್ರ ಹೇಗೆ ನಡೆಯುತ್ತದೆಂಬುದು ಮನಸ್ಸಿಗೆ ಹತ್ತುತ್ತದೆ.

ಅಷ್ಟಾದ ಮೇಲೆ ಮತ್ತೊಂದು ಒಳ್ಳೆಯ ಅಭ್ಯಾಸವನ್ನೂ ಮಾಡಿಕೊಳ್ಳಬೇಕು. ಅಸೆಂಬ್ಲಿ ಭಾಷೆಯಲ್ಲಿ ಆಜ್ಞೆಯ ಪಕ್ಕದಲ್ಲಿ ಒಂದು ಅರ್ಧವಿರಾಮದ ಚಿಹ್ನೆ ಹಾಕಿ ಆಚೆಗೆ ಏನನ್ನಾದರೂ ಬರೆಯಲು ಅವಕಾಶವುಂಟು. ‘ಎಂವಿಐ ಬಿ, ೦ಡಿ’ ಎಂಬುದರ ಪಕ್ಕದಲ್ಲಿ ‘ಬಾಕಿಯ ದಿನಗಳು’ ಎಂದೂ, ‘ಎಡಿಐ ೦೫’ ಎಂಬುದರ ಪಕ್ಕದಲ್ಲಿ ‘ದಿನಕ್ಕೆ ಹೂವಿನ ಬೆಲೆ, ರೂಪಾಯಿಗಳಲ್ಲಿ’ ಎಂದೂ ಬರೆಯಬಹುದು. ಅಸೆಂಬ್ಲರ್ ಈ ಮಾತುಗಳನ್ನು ಓದದೆ ಬಿಟ್ಟುಬಿಡುತ್ತದೆ. ಯಂತ್ರದ ಗೂಡುಗಳಲ್ಲಿ ಇವಕ್ಕೆ ಸ್ಥಳವಿಲ್ಲ. ವರ್ಷಗಳ ಮೇಲೆ ಆ ಹಾಳೆ ಇನ್ನೊಬ್ಬರ ಕೈಗೆ ಬಂದಾಗ, ಅಥವಾ ಬರೆದವನೇ ಮರೆತು ಮತ್ತೆ ತೆರೆದಾಗ, ಆ ಹದಿಮೂರು ದಿನಗಳೆಂದೂ ಆ ಐದು ರೂಪಾಯಿಯೆಂದೂ ಹೇಳುವುದು ಯಂತ್ರ ಬಿಟ್ಟ ಆ ಸಾಲುಗಳೇ.